ವೋಲ್ಟೇಜ್ ಮತ್ತು ಪ್ರವಾಹದಿಂದ ರೋಧ ಹಾಗೂ ಸಾಮರ್ಥ್ಯದ ಗಣನೆ: ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ನಿದರ್ಶನಗಳೊಡನೆ

ವಾಹಕವೊಂದರ ಎರಡು ತುದಿಗಳ ನಡುವಣ ವೋಲ್ಟೇಜನ್ನೂ ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನೂ ಅಳೆದು, ಆ ಎರಡು ಅಳತೆಗಳಿಂದಲೇ ವಾಹಕದ ರೋಧವನ್ನೂ ಅದರಲ್ಲಿ ವ್ಯಯವಾಗುವ ಸಾಮರ್ಥ್ಯವನ್ನೂ ಕಂಡುಕೊಳ್ಳುವುದು ವಿದ್ಯುದ್ವಿಜ್ಞಾನದ ಅತ್ಯಂತ ಮೂಲಭೂತ ಗಣನೆಯಾಗಿದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ ಎಂಬಷ್ಟಕ್ಕೆ ಸೂತ್ರ ಮುಗಿಯುತ್ತದೆಯಾದರೂ, ವೋಲ್ಟೇಜನ್ನು ಎಲ್ಲಿ ಅಳೆಯಲಾಯಿತು, ಪ್ರವಾಹ ಯಾವ ಬಗೆಯದು, ಉಪಕರಣ ಹೀಟರೋ ಮೋಟರೋ ಎಂಬುದನ್ನು ಅರಿಯದೆ ಮಾಡಿದ ಗಣನೆ ದಾರಿ ತಪ್ಪುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ತಾಲ್ಲೂಕುಗಳೂ ಬೇಲೂರು ತಾಲ್ಲೂಕಿಗೇ ಸೇರಿದ ಹಳೇಬೀಡೂ ಈ ವಿಷಯವನ್ನು ವಿವರಿಸಲು ಒದಗುವ ಒಳ್ಳೆಯ ನೆಲೆಗಳು. ಪೂರ್ವದ ಅರಸೀಕೆರೆ ಮಳೆ ಕಡಿಮೆಯಾದ ತೆಂಗಿನ ಸೀಮೆಯಾಗಿದ್ದು ಆಳವಾದ ಕೊಳವೆಬಾವಿಗಳನ್ನೂ ಅವುಗಳೊಳಗಿನ ಪಂಪ್‌ಸೆಟ್‌ಗಳನ್ನೂ ನೆಚ್ಚಿಕೊಂಡಿದೆ. ಪಶ್ಚಿಮಕ್ಕೆ ಸರಿದಂತೆ ಬೇಲೂರಿನ ಭಾಗ ಮಲೆನಾಡಿನ ಅಂಚನ್ನು ಮುಟ್ಟಿ ಕಾಫಿ ತೋಟಗಳ, ಹಸಿ ಮಣ್ಣಿನ ನಾಡಾಗುತ್ತದೆ. ಈ ಪ್ರದೇಶಕ್ಕೆ ವಿದ್ಯುತ್ತನ್ನು ವಿತರಿಸುವ ಸಂಸ್ಥೆ ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ.

ಪರಿಮಾಣಗಳು ಮತ್ತು ಮಾನಗಳು

ವಾಹಕದಲ್ಲಿ ಆವೇಶಗಳು ಹರಿಯುವ ದರಕ್ಕೆ ಪ್ರವಾಹವೆಂದು ಹೆಸರು. ಅದರ ಮಾನ ಆಂಪಿಯರ್. ಆವೇಶಗಳನ್ನು ಹರಿಯುವಂತೆ ಮಾಡುವ, ಎರಡು ಬಿಂದುಗಳ ನಡುವಣ ವಿಭವದ ವ್ಯತ್ಯಾಸವೇ ವಿಭವಾಂತರ. ಮಾನ ವೋಲ್ಟ್ ಆದ್ದರಿಂದ ಇದನ್ನು ವಾಡಿಕೆಯಲ್ಲಿ ವೋಲ್ಟೇಜ್ ಎನ್ನುತ್ತಾರೆ. ಹರಿವಿಗೆ ವಾಹಕ ಒಡ್ಡುವ ತಡೆಗೆ ರೋಧವೆಂದೂ ಅದರ ಮಾನಕ್ಕೆ ಓಮ್ ಎಂದೂ ಹೆಸರು. ಹಳೇಬೀಡಿನ ದ್ವಾರಸಮುದ್ರದಂಥ ಕೆರೆಯ ತೂಬಿನಿಂದ ಹೊರಬೀಳುವ ನೀರು ಕೆರೆಯ ನೀರಿನ ಮಟ್ಟವನ್ನೂ ತೂಬಿನ ಕಿಂಡಿಯ ಅಗಲವನ್ನೂ ಅವಲಂಬಿಸಿರುವಂತೆ, ಪ್ರವಾಹವು ವೋಲ್ಟೇಜನ್ನೂ ರೋಧವನ್ನೂ ಅವಲಂಬಿಸುತ್ತದೆ: ವೋಲ್ಟೇಜ್ ಏರಿದರೆ ಪ್ರವಾಹ ಏರುತ್ತದೆ, ರೋಧ ಹೆಚ್ಚಿದರೆ ತಗ್ಗುತ್ತದೆ.

ಸಾಮರ್ಥ್ಯವೆಂದರೆ ಶಕ್ತಿ ವ್ಯಯವಾಗುವ ದರ. ಒಂದು ಸೆಕೆಂಡಿಗೆ ಒಂದು ಜೌಲ್ ಶಕ್ತಿ ವ್ಯಯವಾದರೆ ಅದು ಒಂದು ವಾಟ್. ಸಾಮರ್ಥ್ಯವನ್ನೂ ಶಕ್ತಿಯನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. 1,000 ವಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಬಳಕೆಯಾಗುವ ಶಕ್ತಿಯೇ ಒಂದು ಕಿಲೋವಾಟ್-ಗಂಟೆ, ಎಂದರೆ 36 ಲಕ್ಷ ಜೌಲ್; ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ ಎಂದು ಬರುವುದು ಇದೇ. ಪಂಪ್‌ಸೆಟ್‌ಗಳ ಸಾಮರ್ಥ್ಯವನ್ನು ಈಗಲೂ ಅಶ್ವಶಕ್ತಿಯಲ್ಲಿ, ಆಡುಮಾತಿನಲ್ಲಿ ಎಚ್.ಪಿ.ಯಲ್ಲಿ ಹೇಳುತ್ತಾರೆ, ಒಂದು ಅಶ್ವಶಕ್ತಿ ಸುಮಾರು 746 ವಾಟ್‌ಗೆ ಸಮ.

ಓಮ್ ಮತ್ತು ಜೌಲ್

ಪ್ರವಾಹ ಮತ್ತು ವೋಲ್ಟೇಜುಗಳ ನಡುವಣ ಸರಳ ಅನುಪಾತವನ್ನು ನಿಖರವಾದ ಪ್ರಯೋಗಗಳಿಂದ ಸ್ಥಾಪಿಸಿದವನು ಜರ್ಮನಿಯ ಗೇಯಾರ್ಗ್ ಸೀಮೋನ್ ಓಮ್ (1789–1854). ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದ ಈತ, ಆ ಕಾಲದ ರಾಸಾಯನಿಕ ಕೋಶಗಳ ವೋಲ್ಟೇಜ್ ಸ್ಥಿರವಾಗಿ ನಿಲ್ಲದಿದ್ದುದರಿಂದ ಅವನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರದ ಸಂಧಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿರಿಸಿ ಪಡೆದ ಸ್ಥಿರ ವೋಲ್ಟೇಜನ್ನು ಬಳಸಿಕೊಂಡ. ಫಲಿತಾಂಶಗಳನ್ನು ಒಳಗೊಂಡ ಅವನ ಗ್ರಂಥ 1827ರಲ್ಲಿ ಪ್ರಕಟವಾಯಿತಾದರೂ ಸ್ವದೇಶದಲ್ಲಿ ಅದಕ್ಕೆ ತಕ್ಕ ಮನ್ನಣೆ ದೊರೆಯಲು ಬಹುಕಾಲ ಹಿಡಿಯಿತು; ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ನೀಡಿ ಗೌರವಿಸಿತು. ಸರಿಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್, ತಂತಿಯಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆಂದು ಕಂಡುಕೊಂಡ. ಈ ಎರಡು ನಿಯಮಗಳನ್ನು ಜೋಡಿಸಿದಾಗ ಸಾಮರ್ಥ್ಯದ ಗಣನೆಗೆ ಮೂರು ದಾರಿಗಳು ತೆರೆಯುತ್ತವೆ: ವೋಲ್ಟೇಜನ್ನು ಪ್ರವಾಹದಿಂದ ಗುಣಿಸಬಹುದು, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬಹುದು, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಬಹುದು. ಮೂರೂ ಒಂದೇ ಉತ್ತರವನ್ನು ಕೊಡುತ್ತವೆಯಾದರೂ, ಹೀಟರಿನಂತೆ ವೋಲ್ಟೇಜ್ ನಿಶ್ಚಿತವಾಗಿರುವೆಡೆ ಕೊನೆಯದೂ, ಸಾಗಣೆಯ ತಂತಿಯಂತೆ ಪ್ರವಾಹ ನಿಶ್ಚಿತವಾಗಿರುವೆಡೆ ಎರಡನೆಯದೂ ವಿಷಯವನ್ನು ಹೆಚ್ಚು ಸ್ಪಷ್ಟಗೊಳಿಸುತ್ತವೆ.

ಬೇಲೂರಿನ ಮಳೆಗಾಲದಲ್ಲಿ ನೀರು ಕಾಯಿಸಲು ಬಳಸುವ 1,500 ವಾಟ್‌ನ ಹೀಟರ್ ಕಾಯಿಲನ್ನು ತೆಗೆದುಕೊಳ್ಳಬಹುದು. 230 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ 1,500 ÷ 230, ಎಂದರೆ ಸುಮಾರು 6.5 ಆಂಪಿಯರ್, ರೋಧ 230 ÷ 6.52, ಎಂದರೆ ಸುಮಾರು 35.3 ಓಮ್. ಸಂಜೆಯ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯಿತೆಂದರೆ ಪ್ರವಾಹ 5.1 ಆಂಪಿಯರಿಗೂ ಸಾಮರ್ಥ್ಯ ಸುಮಾರು 920 ವಾಟ್‌ಗೂ ತಗ್ಗುತ್ತವೆ. ವೋಲ್ಟೇಜಿನಲ್ಲಿ ಆದ ಇಳಿಕೆ ಶೇ. 22 ಮಾತ್ರವಾದರೂ ಸಾಮರ್ಥ್ಯ ಶೇ. 39ರಷ್ಟು ಕುಸಿದಿರುವುದಕ್ಕೆ ವರ್ಗದ ನಿಯಮವೇ ಕಾರಣ. ಒಂದು ಗಂಟೆಯಲ್ಲಿ ಕಾಯುತ್ತಿದ್ದ ನೀರಿಗೆ ಈಗ ಒಂದೂವರೆ ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತದೆ.

ರೋಧ ಎಲ್ಲ ಸಂದರ್ಭಗಳಲ್ಲೂ ಬದಲಾಗದ ಸಂಖ್ಯೆಯಲ್ಲ. ಲೋಹಗಳು ಕಾದಂತೆ ಅವುಗಳ ರೋಧ ಹೆಚ್ಚುತ್ತದೆ. ತಾಮ್ರದಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಈ ಹೆಚ್ಚಳ ಶೇ. 0.4ರ ಸಮೀಪದಲ್ಲಿದೆ. ಹಳೆಯ 60 ವಾಟ್‌ನ ಬುರುಡೆ ದೀಪ ಉರಿಯುವಾಗ 0.26 ಆಂಪಿಯರ್ ಎಳೆಯುವುದರಿಂದ ಅದರ ರೋಧ ಸುಮಾರು 880 ಓಮ್ ಎಂದಾಗುತ್ತದೆ. ಆರಿ ತಣ್ಣಗಿರುವಾಗ ಅದೇ ಟಂಗ್‌ಸ್ಟನ್ ಎಳೆಯ ರೋಧ ಇದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಮಲ್ಟಿಮೀಟರಿನಿಂದ ತಣ್ಣನೆಯ ಬುರುಡೆಯ ರೋಧವನ್ನು ಅಳೆದು, ವೋಲ್ಟೇಜಿನ ವರ್ಗವನ್ನು ಅದರಿಂದ ಭಾಗಿಸಿ ವಾಟ್ ಲೆಕ್ಕ ಹಾಕಿದರೆ ಉತ್ತರ ಹತ್ತಾರು ಪಟ್ಟು ತಪ್ಪಾಗುತ್ತದೆ. ಎಲ್‌ಇಡಿಯಂಥ ಅರೆವಾಹಕ ಸಾಧನಗಳಲ್ಲಂತೂ ವೋಲ್ಟೇಜೂ ಪ್ರವಾಹವೂ ಸಮ ಅನುಪಾತದಲ್ಲಿ ಏರುವುದೇ ಇಲ್ಲ. ವೋಲ್ಟೇಜ್-ಪ್ರವಾಹಗಳ ಗುಣಲಬ್ಧ ಆ ಕ್ಷಣದ ಸಾಮರ್ಥ್ಯವೆಂಬುದು ಅಲ್ಲಿಯೂ ನಿಜವಾದರೂ, ಅವುಗಳ ಭಾಗಲಬ್ಧ ಆ ಒಂದು ಸ್ಥಿತಿಗೆ ಮಾತ್ರ ಅನ್ವಯಿಸುವ ರೋಧ.

ಪಂಪ್‌ಮನೆಯ ಎರಡು ಮುಳ್ಳುಗಳು

ವೋಲ್ಟ್‌ಮೀಟರನ್ನು ಅಳೆಯಬೇಕಾದ ಎರಡು ಬಿಂದುಗಳಿಗೆ ಸಮಾಂತರವಾಗಿಯೂ ಆಂಪಿಯರ್ ಮೀಟರನ್ನು ಪ್ರವಾಹದ ಹಾದಿಯಲ್ಲಿ ಸರಣಿಯಾಗಿಯೂ ಜೋಡಿಸಬೇಕು. ಮೊದಲನೆಯದರ ಒಳರೋಧ ಅತಿ ಹೆಚ್ಚಾಗಿಯೂ ಎರಡನೆಯದರದು ಅತಿ ಕಡಿಮೆಯಾಗಿಯೂ ಇರುವುದರಿಂದ, ಆಂಪಿಯರ್ ಮೀಟರನ್ನು ವೋಲ್ಟ್‌ಮೀಟರಿನಂತೆ ಪೂರೈಕೆಯ ಎರಡು ತಂತಿಗಳಿಗೆ ಸಮಾಂತರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ತಂತಿಯನ್ನು ತುಂಡರಿಸದೆ ಅದರ ಸುತ್ತ ದವಡೆಯನ್ನು ಮುಚ್ಚಿ, ಪ್ರವಾಹದ ಕಾಂತಕ್ಷೇತ್ರದಿಂದಲೇ ಅಳತೆ ತೋರಿಸುವ ಕ್ಲ್ಯಾಂಪ್ ಮೀಟರನ್ನು ವಿದ್ಯುತ್ ಕೆಲಸಗಾರರು ಟಾಂಗ್ ಟೆಸ್ಟರ್ ಎಂದು ಕರೆಯುತ್ತಾರೆ.

ಅರಸೀಕೆರೆ ಸೀಮೆಯ ತೋಟದ ಪಂಪ್‌ಮನೆಗಳಲ್ಲಿ ಸ್ಟಾರ್ಟರ್ ಪ್ಯಾನಲಿನ ಮುಖದ ಮೇಲೆ ಸಾಮಾನ್ಯವಾಗಿ ಒಂದು ವೋಲ್ಟ್‌ಮೀಟರೂ ಒಂದು ಆಂಪಿಯರ್ ಮೀಟರೂ ಇರುತ್ತವೆ. ವಿದ್ಯುದ್ವಿಜ್ಞಾನದ ಪರಿಭಾಷೆಯನ್ನು ಓದಿರದ ರೈತರೂ ಈ ಎರಡು ಮುಳ್ಳುಗಳ ಚಲನೆಯಿಂದ ನೂರಾರು ಅಡಿ ಕೆಳಗೆ ಕಣ್ಣಿಗೆ ಬೀಳದಂತಿರುವ ಮೋಟರಿನ ಸ್ಥಿತಿಯನ್ನು ಓದಬಲ್ಲರು. ವೋಲ್ಟೇಜ್ ಸರಿಯಾಗಿದ್ದೂ ಆಂಪ್ಸ್ ಎಂದಿನ ಮಟ್ಟದಿಂದ ಕೆಳಗಿಳಿದರೆ ಕೊಳವೆಬಾವಿಯಲ್ಲಿ ನೀರು ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ ಎಂದೂ, ಆಂಪ್ಸ್ ಏರಿದರೆ ಮರಳು ಸಿಕ್ಕಿಯೋ ಬೇರಿಂಗ್ ಸವೆದೋ ಮೋಟರಿಗೆ ಹೊರೆ ಹೆಚ್ಚಿದೆ ಎಂದೂ ತಿಳಿಯಬೇಕು. ಎರಡು ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡುವ ಈ ಅಭ್ಯಾಸ ಪ್ರಯೋಗಾಲಯದ ಅಭ್ಯಾಸಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಆದರೆ ಮೋಟರಿನ ಗಣನೆ ಹೀಟರಿನಷ್ಟು ಸರಳವಲ್ಲ. ಸರಬರಾಜಾಗುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತಾಗಿದ್ದು, ಮೋಟರಿನ ಸುರುಳಿಗಳಲ್ಲಿ ಪ್ರವಾಹವು ವೋಲ್ಟೇಜಿಗಿಂತ ಸ್ವಲ್ಪ ಹಿಂದುಳಿಯುತ್ತದೆ. ಹೀಗೆ ಹಿಂದುಳಿದುದರಿಂದ ವೋಲ್ಟೇಜ್-ಪ್ರವಾಹಗಳ ಗುಣಲಬ್ಧದಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಆ ಪಾಲನ್ನು ಸಾಮರ್ಥ್ಯ ಗುಣಕ ಅಥವಾ ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಗುಣಲಬ್ಧವನ್ನು ಹಾಗೆಯೇ ವೋಲ್ಟ್-ಆಂಪಿಯರ್ ಎಂಬ ಮಾನದಲ್ಲಿ ಹೇಳುವ ರೂಢಿಯಿದ್ದು, ಊರ ಟ್ರಾನ್ಸ್‌ಫಾರ್ಮರುಗಳ, ಜನರ ಬಾಯಲ್ಲಿ ಟಿಸಿಗಳ, ಮೇಲೆ 25 ಕೆವಿಎ, 63 ಕೆವಿಎ, 100 ಕೆವಿಎ ಎಂದು ಬರೆದಿರುವುದು ಇದನ್ನೇ. ಮೂರು ಫೇಸುಗಳ ಪೂರೈಕೆಯಲ್ಲಿ ಎರಡು ಫೇಸುಗಳ ನಡುವಣ ವೋಲ್ಟೇಜನ್ನು ಒಂದು ತಂತಿಯ ಪ್ರವಾಹದಿಂದಲೂ, ಮೂರರ ವರ್ಗಮೂಲವಾದ 1.732ರಿಂದಲೂ, ಸಾಮರ್ಥ್ಯ ಗುಣಕದಿಂದಲೂ ಗುಣಿಸಿದರೆ ಒಟ್ಟು ಸಾಮರ್ಥ್ಯ ಸಿಗುತ್ತದೆ.

10 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪಿನ ಪ್ಯಾನಲಿನಲ್ಲಿ 400 ವೋಲ್ಟ್, 16 ಆಂಪಿಯರ್ ತೋರಿಸುತ್ತಿದ್ದು ಸಾಮರ್ಥ್ಯ ಗುಣಕ 0.85 ಇದ್ದರೆ, ಎಳೆಯುತ್ತಿರುವ ಸಾಮರ್ಥ್ಯ 1.732 × 400 × 16 × 0.85, ಎಂದರೆ ಸುಮಾರು 9,400 ವಾಟ್. ಫಲಕದ ಮೇಲಿನ 10 ಅಶ್ವಶಕ್ತಿ ಎಂದರೆ 7,460 ವಾಟ್ ತಾನೆ, ಹೆಚ್ಚಿನದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುವುದು ಸಹಜ. ಫಲಕ ಹೇಳುವುದು ಮೋಟರಿನ ದಂಡ ಹೊರಗೆ ಕೊಡುವ ಸಾಮರ್ಥ್ಯವನ್ನು, ಒಳಗೆ ಎಳೆದುಕೊಳ್ಳುವುದನ್ನಲ್ಲ. ವ್ಯತ್ಯಾಸವೆಲ್ಲ ಉಷ್ಣವಾಗಿ ಕಳೆದುಹೋಗುತ್ತದೆ. ಇದೇ ಪಂಪು 300 ಮೀಟರ್, ಎಂದರೆ ಸುಮಾರು ಸಾವಿರ ಅಡಿ ಆಳದಿಂದ ಸೆಕೆಂಡಿಗೆ ಒಂದೂಕಾಲು ಲೀಟರ್ ನೀರೆತ್ತುತ್ತಿದ್ದರೆ, ನೀರಿಗೆ ನಿಜವಾಗಿ ಸಂದ ಸಾಮರ್ಥ್ಯ 1.25 × 9.81 × 300, ಎಂದರೆ ಸುಮಾರು 3,680 ವಾಟ್. ಎಳೆದುಕೊಂಡದ್ದರಲ್ಲಿ ಶೇ. 40ರಷ್ಟೂ ನೀರಿನ ಪಾಲಿಗೆ ಬಂದಿಲ್ಲ. ಕೃಷಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ವಿದ್ಯುತ್ ಎಂಬ ರಾಜ್ಯದ ನೀತಿಯ ಪ್ರಕಾರ ಪಂಪು ಪೂರ್ತಿ ನಡೆದರೆ 31,500 ಲೀಟರ್ ನೀರಿಗೆ ಸುಮಾರು 66 ಯೂನಿಟ್, ಸಾವಿರ ಲೀಟರಿಗೆ ಎರಡು ಯೂನಿಟ್‌ಗೂ ತುಸು ಹೆಚ್ಚು ಖರ್ಚಾಗುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾದ್ದರಿಂದ ಈ ಅಂಕಿ ರೈತನ ಬಿಲ್ಲಿನಲ್ಲಿ ಕಾಣಿಸದಿದ್ದರೂ, ಅಂತರ್ಜಲದ ಮಟ್ಟ ಇಳಿದಷ್ಟೂ ಪ್ರತಿ ಲೀಟರಿನ ಹಿಂದಿರುವ ವಿದ್ಯುತ್ತು ಅದೇ ಪ್ರಮಾಣದಲ್ಲಿ ಏರುತ್ತದೆಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಈ ಮೋಟರಿನ ಒಂದು ಫೇಸಿನ 231 ವೋಲ್ಟನ್ನು 16 ಆಂಪಿಯರಿನಿಂದ ಭಾಗಿಸಿದರೆ 14.4 ಓಮ್ ಬರುತ್ತದೆ. ಇದು ಸುರುಳಿಯ ರೋಧವಲ್ಲ. ಸುರುಳಿಯ ತಾಮ್ರದ ರೋಧ ಒಂದೆರಡು ಓಮ್‌ಗಳಷ್ಟಿದ್ದು, ಉಳಿದ ತಡೆಯೆಲ್ಲ ತಿರುಗುವ ಮೋಟರಿನೊಳಗಿನ ಕಾಂತಕ್ಷೇತ್ರದಿಂದ ಹುಟ್ಟುವ ವಿರುದ್ಧ ವೋಲ್ಟೇಜಿನ ಕೊಡುಗೆ. ಪರ್ಯಾಯ ವಿದ್ಯುತ್ತಿನಲ್ಲಿ ಹೀಗೆ ಸಿಗುವ ಭಾಗಲಬ್ಧಕ್ಕೆ ಪ್ರತಿಬಾಧೆ ಎಂಬ ಬೇರೆಯ ಹೆಸರಿದೆ. ಮೋಟರು ಇನ್ನೂ ತಿರುಗಲಾರಂಭಿಸದ ಮೊದಲ ಕ್ಷಣದಲ್ಲಿ ಈ ವಿರುದ್ಧ ವೋಲ್ಟೇಜ್ ಇರುವುದಿಲ್ಲವಾಗಿ ಪ್ರವಾಹ ಎಂದಿನದರ ಆರೇಳು ಪಟ್ಟು ಹಾರುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮೊದಲ ಕೆಲವು ಸೆಕೆಂಡು ಆ ಏರಿಕೆಯನ್ನು ಮೂರನೆಯ ಒಂದು ಪಾಲಿಗೆ ತಗ್ಗಿಸುತ್ತದೆ.

ತಂತಿಯಲ್ಲಿ ಕಳೆದುಹೋಗುವ ವಿದ್ಯುತ್ತು

ಈ ಗಣನೆಯ ನಿಜವಾದ ಪ್ರಯೋಜನ ತಿಳಿದುಬರುವುದು ಉಪಕರಣದಲ್ಲಿ ಅಲ್ಲ, ಅಲ್ಲಿಗೆ ವಿದ್ಯುತ್ತನ್ನು ತರುವ ತಂತಿಯಲ್ಲಿ. ತಂತಿಯ ರೋಧ ಅದರ ಉದ್ದಕ್ಕೆ ನೇರವಾಗಿಯೂ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮವಾಗಿಯೂ ಇದ್ದು, ವಸ್ತುವಿನ ಗುಣವಾದ ರೋಧಶೀಲತೆಯನ್ನೂ ಅವಲಂಬಿಸುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ಒಂದು ಮೀಟರ್ ತಾಮ್ರದ ತಂತಿಯ ರೋಧ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.0172 ಓಮ್, ಅಷ್ಟೇ ಅಳತೆಯ ಅಲ್ಯೂಮಿನಿಯಂ ತಂತಿಯದು ಸುಮಾರು 0.028 ಓಮ್.

ಮೊದಲು ಕೊಳವೆಬಾವಿಯೊಳಗೆ ಇಳಿದ ಕೇಬಲನ್ನೇ ನೋಡಬಹುದು. 300 ಮೀಟರ್ ಆಳದ ಮೋಟರಿಗೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಇಳಿಸಿದರೆ ಪ್ರತಿ ಎಳೆಯ ರೋಧ 0.0172 × 300 ÷ 4, ಎಂದರೆ 1.29 ಓಮ್. 16 ಆಂಪಿಯರ್ ಹರಿದಾಗ ಪ್ರತಿ ಎಳೆಯಲ್ಲೂ 20 ವೋಲ್ಟಿಗೂ ಹೆಚ್ಚು ಕುಸಿತವಾಗಿ, ಮೂರು ಎಳೆಗಳಲ್ಲಿ ಸೇರಿ ಸುಮಾರು 990 ವಾಟ್ ಬರಿಯ ಬಿಸಿಯಾಗಿ ಹೋಗುತ್ತದೆ. 10 ಚದರ ಮಿಲಿಮೀಟರಿನ ಕೇಬಲ್ ಬಳಸಿದರೆ ನಷ್ಟ 400 ವಾಟ್‌ಗೆ ಇಳಿದು, 7 ಗಂಟೆಯ ಓಟದಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ ಮೋಟರಿನ ಬಾಯಿಗೆ ತಲಪುವ ವೋಲ್ಟೇಜ್ ಹೆಚ್ಚುತ್ತದೆ. ಮೇಲಿನ ಪ್ಯಾನಲ್ ತೋರಿಸುವ ವೋಲ್ಟೇಜ್ ಕೆಳಗಿನ ಮೋಟರಿನ ವೋಲ್ಟೇಜಲ್ಲ ಎಂಬ ಸಂಗತಿ ಕೇಬಲ್ ಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಲೆಕ್ಕಕ್ಕೆ ಬರುವುದಿಲ್ಲ.

ಟಿಸಿಯಿಂದ ತೋಟಕ್ಕೆ ಬರುವ ಲೈನಿನ ಕಥೆ ಇನ್ನೂ ಗಂಭೀರವಾದದ್ದು. ಕಂಬಗಳ ಮೇಲೆ ಎಳೆಯುವ, ಉಕ್ಕಿನ ನಡುವೆಳೆಯ ಸುತ್ತ ಅಲ್ಯೂಮಿನಿಯಂ ಹೆಣೆದ ತಂತಿಗಳಿಗೆ ಅಳತೆಗೆ ತಕ್ಕಂತೆ ಸ್ಕ್ವಿರಲ್, ವೀಸಲ್, ರ‍್ಯಾಬಿಟ್ ಎಂಬ ಪ್ರಾಣಿಗಳ ಹೆಸರುಗಳಿವೆ. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.93 ಓಮ್, ಅದಕ್ಕಿಂತ ದಪ್ಪನೆಯ ರ‍್ಯಾಬಿಟ್‌ನದು ಸುಮಾರು 0.55 ಓಮ್. ಟಿಸಿಯಿಂದ 800 ಮೀಟರ್ ದೂರದಲ್ಲಿ ವೀಸಲ್ ತಂತಿಯ ತುದಿಗೆ ಮೇಲೆ ಹೇಳಿದ ಪಂಪು ಒಂದೇ ಇದ್ದರೆ, ಪ್ರತಿ ತಂತಿಯ ರೋಧ 0.744 ಓಮ್ ಆಗಿ, ಮೂರು ತಂತಿಗಳ ಒಟ್ಟು ನಷ್ಟ 570 ವಾಟ್‌ನಷ್ಟಾಗುತ್ತದೆ. ಅದೇ ತಂತಿಯ ತುದಿಗೆ ಅಂಥವೇ ನಾಲ್ಕು ಪಂಪುಗಳು ಸೇರಿಕೊಂಡರೆ ಪ್ರವಾಹ 64 ಆಂಪಿಯರಿಗೆ ಏರುತ್ತದೆ. ನಷ್ಟ ನಾಲ್ಕು ಪಟ್ಟಲ್ಲ, ನಾಲ್ಕರ ವರ್ಗವಾದ ಹದಿನಾರು ಪಟ್ಟು ಹೆಚ್ಚಿ ಸುಮಾರು 9.1 ಕಿಲೋವಾಟ್ ಆಗುತ್ತದೆ. ಐದನೆಯ ಪಂಪೊಂದನ್ನು ನಡೆಸಲು ಸರಿಸುಮಾರು ಬೇಕಾಗುವಷ್ಟು ವಿದ್ಯುತ್ತು ಹೀಗೆ ಯಾರ ತೋಟಕ್ಕೂ ನೀರು ಹಾಯಿಸದೆ ತಂತಿಯನ್ನು ಕಾಯಿಸುವುದರಲ್ಲಿ ಮುಗಿಯುತ್ತದೆ. ಫೇಸಿಗೂ ನ್ಯೂಟ್ರಲಿಗೂ ನಡುವೆ ಟಿಸಿಯ ಬಳಿ 230 ಇದ್ದ ವೋಲ್ಟೇಜ್ ತುದಿಯಲ್ಲಿ 190ಕ್ಕಿಂತ ಕೆಳಗಿಳಿಯುತ್ತದೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಾವಳಿ ಈ ಮಟ್ಟದ ಪೂರೈಕೆಯಲ್ಲಿ ಶೇ. 6ರ ಏರಿಳಿತಕ್ಕಷ್ಟೆ ಅವಕಾಶ ಕೊಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ವೋಲ್ಟೇಜ್ ಇಳಿದಾಗ ಹೀಟರ್ ಕಡಿಮೆ ಪ್ರವಾಹ ಎಳೆದು ಸುಮ್ಮನಾಗುತ್ತದೆ; ಮೋಟರು ಹಾಗಲ್ಲ. ಎತ್ತಬೇಕಾದ ನೀರಿನ ಹೊರೆ ಅಷ್ಟೇ ಇರುವುದರಿಂದ ಅದು ಹೆಚ್ಚು ಪ್ರವಾಹ ಎಳೆಯತೊಡಗುತ್ತದೆ, ಲೈನಿನ ಕುಸಿತ ಅದರಿಂದ ಇನ್ನಷ್ಟು ಹೆಚ್ಚುತ್ತದೆ. ಪ್ರವಾಹ ಶೇ. 20 ಏರಿದರೆ ಸುರುಳಿಯ ಉಷ್ಣ ಶೇ. 44 ಏರುತ್ತದೆ. ತಿರುಗಿಸುವ ಬಲವಾದರೋ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿದ್ದು, 230ರ ಬದಲು 190 ವೋಲ್ಟ್ ಸಿಕ್ಕರೆ ಮೂರನೆಯ ಎರಡು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ಮೋಟರುಗಳು ಸುಟ್ಟು ರಿವೈಂಡಿಂಗ್ ಅಂಗಡಿಗಳ ಮುಂದೆ ಸಾಲುಗಟ್ಟುವುದರ ಹಿಂದೆ ಈ ಗಣಿತವಿದೆ. ತ್ರೀ ಫೇಸ್ ವಿದ್ಯುತ್ತು ಬಂದ ಕೂಡಲೇ ಲೈನಿನ ಎಲ್ಲ ಪಂಪುಗಳೂ ಆಟೋ ಸ್ಟಾರ್ಟರಿನಿಂದ ಒಂದೇ ಕ್ಷಣಕ್ಕೆ ಚಾಲೂ ಆಗುವುದು ಇದನ್ನು ಮತ್ತಷ್ಟು ಕೆಡಿಸುತ್ತದೆ. ಸುಟ್ಟ ಮೋಟರನ್ನು ಸಾವಿರ ಅಡಿಯಿಂದ ಮೇಲೆತ್ತಿಸಿ, ಕಟ್ಟಿಸಿ, ಮರಳಿ ಇಳಿಸುವ ವೆಚ್ಚ ಸಣ್ಣ ಹಿಡುವಳಿದಾರನಿಗೆ ನಿಜಕ್ಕೂ ದೊಡ್ಡ ಪೆಟ್ಟು. ಪಂಪ್‌ಸೆಟ್‌ಗಳ ಫೀಡರನ್ನು ಊರಿನ ದೀಪದ ಫೀಡರಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಊರಮನೆಗಳಿಗೆ ಅನುಕೂಲವಾಗಿದೆ. ತೋಟದ ತುದಿಯ ವೋಲ್ಟೇಜಿಗೆ ಪರಿಹಾರ ಬೇರೆಡೆ ಇದೆ.

ರ‍್ಯಾಬಿಟ್ ತಂತಿಗೆ ಬದಲಿಸಿದರೆ ಮೇಲಿನ 9.1 ಕಿಲೋವಾಟ್ ನಷ್ಟ 5.4 ಕಿಲೋವಾಟ್‌ಗೆ ಇಳಿಯುತ್ತದೆ. ಆದರೆ ಅದೇ 800 ಮೀಟರ್ ದೂರವನ್ನು 400 ವೋಲ್ಟಿನ ಬದಲು 11,000 ವೋಲ್ಟಿನಲ್ಲಿ ದಾಟಿಸಿ, ಪಂಪುಗಳ ಮಗ್ಗುಲಲ್ಲೇ ಟಿಸಿ ಇಟ್ಟರೆ ಪ್ರವಾಹ 64ರಿಂದ 2.3 ಆಂಪಿಯರಿಗೆ ಇಳಿದು, ಹಳೆಯ ವೀಸಲ್ ತಂತಿಯಲ್ಲಿಯೇ ನಷ್ಟ ಬರಿಯ 12 ವಾಟ್ ಆಗುತ್ತದೆ. ವೋಲ್ಟೇಜ್ ಇಪ್ಪತ್ತೇಳೂವರೆ ಪಟ್ಟು ಏರಿದ್ದಕ್ಕೆ ನಷ್ಟ ಏಳುನೂರೈವತ್ತು ಪಟ್ಟಿಗೂ ಹೆಚ್ಚು ತಗ್ಗಿದೆ. ಒಂದೇ ದೊಡ್ಡ ಟಿಸಿಯಿಂದ ಉದ್ದುದ್ದನೆಯ ಲೈನ್ ಎಳೆಯುವ ಬದಲು ತೋಟಗಳ ಹತ್ತಿರಕ್ಕೆ 25 ಕೆವಿಎ ಟಿಸಿಗಳನ್ನು ತರುವುದೇ ಲೇಸೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಮೈಸೂರು ಸಂಸ್ಥಾನದ ವಿದ್ಯುತ್ತಿನ ಚರಿತ್ರೆ ಆರಂಭವಾದದ್ದೇ ಈ ತತ್ತ್ವದ ಮೇಲೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿತು. 30,000 ವೋಲ್ಟ್ ಮಟ್ಟದ ಹೆಚ್ಚು ವೋಲ್ಟೇಜ್ ಇಲ್ಲದಿದ್ದರೆ ಅಷ್ಟು ದೂರಕ್ಕೆ ತಲಪುವ ಹೊತ್ತಿಗೆ ವಿದ್ಯುತ್ತೆಲ್ಲ ತಂತಿಯಲ್ಲೇ ಕರಗಿಹೋಗುತ್ತಿತ್ತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಇದೇ ಶಿವನಸಮುದ್ರದಿಂದ. ಇಂದು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ತಲೆಯೆತ್ತಿದರೆ ಕಾಣುವ ರೈಲ್ವೆ ತಂತಿಯಲ್ಲಿ 25,000 ವೋಲ್ಟ್ ಇದೆ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಈ ಮಾರ್ಗವಾಗಿಯೇ ಸಾಗುತ್ತದೆ. 6,000 ಅಶ್ವಶಕ್ತಿಯ ಎಂಜಿನ್ನೊಂದು ಪೂರ್ಣ ಸಾಮರ್ಥ್ಯದಲ್ಲಿ ನಡೆಯುವಾಗ ಸುಮಾರು 4,480 ಕಿಲೋವಾಟ್ ಬೇಕು. ನಷ್ಟಗಳನ್ನು ಬಿಟ್ಟು ಲೆಕ್ಕ ಹಾಕಿದರೆ 25,000 ವೋಲ್ಟಿನಲ್ಲಿ ಅದಕ್ಕೆ ಸಾಕಾಗುವುದು 180 ಆಂಪಿಯರ್, 400 ವೋಲ್ಟಿನಲ್ಲಾದರೆ 11,000 ಆಂಪಿಯರಿಗೂ ಮಿಕ್ಕ ಪ್ರವಾಹ ಬೇಕಾಗುತ್ತಿತ್ತು, ಅದನ್ನು ಹೊರುವ ತಂತಿಯನ್ನು ಹಳಿಯ ಮೇಲೆ ತೂಗುಹಾಕುವುದು ಸಾಧ್ಯವೇ ಇರಲಿಲ್ಲ.

ಕಡಿಮೆ ಸಾಮರ್ಥ್ಯದ ಉಪಕರಣ ಬಳಸುವುದರಿಂದಲೂ ತಂತಿಯ ನಷ್ಟ ವರ್ಗದ ಪ್ರಮಾಣದಲ್ಲಿಯೇ ತಗ್ಗುತ್ತದೆ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇಗುಲ, ಹಳೇಬೀಡಿನ ಹೊಯ್ಸಳೇಶ್ವರ ದೇಗುಲಗಳಂಥ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡಗಳಿಗೆ ಬೆಳಕಿನ ವ್ಯವಸ್ಥೆ ಮಾಡುವಾಗ ಇದು ಗಮನಾರ್ಹ. 500 ವಾಟ್‌ನ 20 ಹ್ಯಾಲೊಜನ್ ದೀಪಗಳು 43 ಆಂಪಿಯರಿಗೂ ಹೆಚ್ಚು ಪ್ರವಾಹ ಬೇಡುತ್ತವೆ. ಅದೇ ಬೆಳಕನ್ನು ಸರಿಸುಮಾರು 100 ವಾಟ್‌ನ 20 ಎಲ್‌ಇಡಿ ದೀಪಗಳು 9 ಆಂಪಿಯರಿಗೂ ಕಡಿಮೆ ಪ್ರವಾಹದಲ್ಲಿ ಕೊಟ್ಟು, ಕೇಬಲಿನ ನಷ್ಟವನ್ನು ಇಪ್ಪತ್ತೈದನೆಯ ಒಂದು ಪಾಲಿಗೆ ಇಳಿಸುತ್ತವೆ. ಜಾಲಂಧ್ರಗಳಿಂದ ಬರುವ ಮಂದ ಬೆಳಕಿನ ನವರಂಗದೊಳಗೆ ಹತ್ತು ಕಿಲೋವಾಟ್ ಬಿಸಿಯನ್ನು ತುಂಬದೆ ಇರುವುದೂ ಸಣ್ಣ ಲಾಭವಲ್ಲ.

ನೆಲದ ರೋಧ, ದೇಹದ ರೋಧ

ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿ ರೋಧ ತಿಳಿಯುವ ಕ್ರಮ ಅಕ್ಷರಶಃ ಬಳಕೆಯಾಗುವ ಸಂದರ್ಭವೆಂದರೆ ಅರ್ಥಿಂಗ್‌ನ ಪರೀಕ್ಷೆ. ಅರ್ಥ್ ಪೈಪಿನಿಂದ ದೂರದಲ್ಲಿ ನೆಟ್ಟ ಗೂಟವೊಂದಕ್ಕೆ ನೆಲದ ಮೂಲಕ ಗೊತ್ತಾದ ಪ್ರವಾಹ ಹರಿಸಿ, ನಡುವೆ ನೆಟ್ಟ ಇನ್ನೊಂದು ಗೂಟಕ್ಕೂ ಪೈಪಿಗೂ ನಡುವಣ ವೋಲ್ಟೇಜನ್ನು ಅಳೆದು ಭಾಗಿಸಿದರೆ ಆ ಪೈಪಿನ ಭೂರೋಧ ದೊರೆಯುತ್ತದೆ. ತೇವಾಂಶ ಹೆಚ್ಚಿದಂತೆ ಮಣ್ಣಿನ ರೋಧ ತಗ್ಗುವುದರಿಂದ, ಬೇಲೂರಿನ ಮಳೆಗಾಲದ ಮಣ್ಣಿನಲ್ಲಿ ಸುಲಭವಾಗಿ ಸಿಗುವ ಕಡಿಮೆ ರೋಧ ಅರಸೀಕೆರೆಯ ಬಿರುಬೇಸಿಗೆಯಲ್ಲಿ ಸಿಗುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಆಗಾಗ ನೀರು ಹೊಯ್ಯುವ ರೂಢಿಗೆ ಇದೇ ಕಾರಣ.

ಭೂರೋಧ 20 ಓಮ್ ಇರುವ ಪಂಪ್‌ಮನೆಯಲ್ಲಿ ಫೇಸ್ ತಂತಿ ಲೋಹದ ಪೆಟ್ಟಿಗೆಗೆ ತಗಲಿತೆಂದರೆ ನೆಲಕ್ಕೆ ಹರಿಯುವ ಪ್ರವಾಹ 230 ÷ 20, ಎಂದರೆ 11.5 ಆಂಪಿಯರ್. 16 ಆಂಪಿಯರಿನ ಫ್ಯೂಸ್ ಇದಕ್ಕೆ ಹೋಗುವುದಿಲ್ಲ. 2,600 ವಾಟ್‌ಗೂ ಹೆಚ್ಚು ಸಾಮರ್ಥ್ಯ ನೆಲಕ್ಕಿಳಿಯುತ್ತಲೇ ಇದ್ದು, ಪೆಟ್ಟಿಗೆ ಮುಟ್ಟಿದವರ ಪ್ರಾಣಕ್ಕೆ ಕಾದುಕೊಂಡಿರುತ್ತದೆ. ಒದ್ದೆ ಕೈಯ, ಬರಿಗಾಲ ಮನುಷ್ಯನ ದೇಹದ ರೋಧವನ್ನು ಸುಮಾರು 1,000 ಓಮ್ ಎಂದು ಎಣಿಸುವುದು ವಾಡಿಕೆ. 230 ವೋಲ್ಟಿಗೆ ಅದರಲ್ಲಿ ಹರಿಯಬಲ್ಲ ಪ್ರವಾಹ 0.23 ಆಂಪಿಯರ್. ಫ್ಯೂಸಿನ ದೃಷ್ಟಿಯಲ್ಲಿ ಏನೂ ಅಲ್ಲದ ಈ ಪ್ರವಾಹ ಹೃದಯದ ಬಡಿತವನ್ನು ನಿಲ್ಲಿಸಲು ಸಾಕು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 0.03 ಆಂಪಿಯರಿನ ವ್ಯತ್ಯಾಸ ಕಂಡೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಪ್ರತಿ ಮನೆಯಲ್ಲೂ, ನೀರಿನ ಬಳಿ ಇರುವ ಪ್ರತಿ ಮೋಟರಿಗೂ ಇರಲೇಬೇಕೆನ್ನುವುದು ಇದಕ್ಕಾಗಿ. ಅರ್ಥಿಂಗ್ ಇದೆ ಎಂಬ ನಂಬಿಕೆ ಅದರ ಅಳತೆಗೆ ಬದಲಿಯಾಗಲಾರದು.

ಬೇಲೂರು ತಾಲ್ಲೂಕಿನ ಬಿಕ್ಕೋಡು ಸೀಮೆಯಲ್ಲಿ ಕಾಡಾನೆಗಳ ಹಾವಳಿ ಹೆಚ್ಚಿರುವುದರಿಂದ ತೋಟಗಳ ಸುತ್ತ ವಿದ್ಯುತ್ ಬೇಲಿಯ ಬಳಕೆಯಿದೆ. ಸರಿಯಾದ ಸೋಲಾರ್ ಬೇಲಿಯ ವೋಲ್ಟೇಜ್ ಹಲವು ಸಾವಿರ ಮುಟ್ಟುತ್ತದೆ, ಮನೆಯ ವಿದ್ಯುತ್ತಿನದು 230 ಮಾತ್ರ. ಆದರೂ ಮೊದಲನೆಯದು ಬೆದರಿಸುತ್ತದೆ, ಎರಡನೆಯದು ಕೊಲ್ಲುತ್ತದೆ. ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಅತ್ಯಲ್ಪ ಕಾಲದ ಮಿಡಿತವೊಂದನ್ನು ಮಾತ್ರ ಹೊರಡಿಸುತ್ತದೆ. ಪ್ರತಿ ಮಿಡಿತದ ಶಕ್ತಿ ಕೆಲವೇ ಜೌಲ್ ಆದ್ದರಿಂದ ಸರಾಸರಿ ಸಾಮರ್ಥ್ಯ ಕೆಲವೇ ವಾಟ್‌ಗಳಷ್ಟಿದ್ದು, ಮಿಡಿತಗಳ ನಡುವೆ ಪ್ರಾಣಿಗೆ ಹಿಂದೆ ಸರಿಯಲು ಅವಕಾಶ ಉಳಿಯುತ್ತದೆ. ಲೈನಿನಿಂದ ನೇರವಾಗಿ ಕೊಕ್ಕೆ ಹಾಕಿ ಎಳೆದ ಬೇಲಿಯಲ್ಲಿ ಪ್ರವಾಹ ಬಿಡುವಿಲ್ಲದೆ ಹರಿದು ಸ್ನಾಯುಗಳನ್ನು ಬಿಗಿದು ಹಿಡಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಆನೆಯಷ್ಟೇ ಅಲ್ಲ, ಬೆಳಗಿನ ಜಾವ ತೋಟಕ್ಕೆ ಬಂದ ಕೂಲಿಯವರೂ ಅಂಥ ಬೇಲಿಗೆ ಬಲಿಯಾಗಬಹುದು, ಆದ್ದರಿಂದ ಅದು ಅಪರಾಧವೇ ಸರಿ. ಸೋಲಾರ್ ಬೇಲಿಯ ಪರಿಣಾಮವೂ ಭೂರೋಧವನ್ನೇ ಅವಲಂಬಿಸಿದೆ: ಮಿಡಿತದ ಪ್ರವಾಹ ಪ್ರಾಣಿಯ ಕಾಲಿನಿಂದ ನೆಲಕ್ಕಿಳಿದು ಯಂತ್ರದ ಅರ್ಥ್ ಗೂಟಕ್ಕೆ ಮರಳಬೇಕಾದ್ದರಿಂದ, ನೆಲ ಒಣಗಿ ರೋಧ ಏರುವ ಕಡೆಗಳಲ್ಲಿ ಬೇಲಿಯ ತಂತಿಗಳಲ್ಲಿ ಒಂದು ಬಿಟ್ಟು ಒಂದನ್ನು ಅರ್ಥ್‌ಗೆ ಜೋಡಿಸಿ, ಎರಡನ್ನೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ನೆಲದ ನೆರವಿಲ್ಲದೆಯೇ ಆಘಾತ ತಗಲುವಂತೆ ಕಟ್ಟುತ್ತಾರೆ.